ಎರಡು ದಿನವೂ ಕೊರ್ಡೊಬಾಕ್ಕೇ ಇರಲಿ

ಅಕ್ಕ, ಭಾವ, ಇಬ್ಬರಿಗೂ ನಮಸ್ಕಾರ. ಅಕ್ಟೋಬರ್‌ನಲ್ಲಿ ಅತ್ತೆಯವರನ್ನೂ ಕರೆದುಕೊಂಡು ಡಬ್ಲಿನ್‌ನಿಂದ ಮ್ಯಾಡ್ರಿಡ್‌ಗೆ ಬರುತ್ತಿದ್ದೇವೆ, ನಡುವೆ ಸಿಗುವುದು ಒಂದು ಶನಿವಾರ, ಒಂದು ಭಾನುವಾರ ಮಾತ್ರ, ಅಷ್ಟರಲ್ಲಿ ದಕ್ಷಿಣ ಸ್ಪೇನ್‌ನ ಸೆವಿಲ್, ಕೊರ್ಡೊಬಾ, ಗ್ರಾನಡಾ ಮೂರನ್ನೂ ಮುಗಿಸಬಹುದೇ ಎಂದು ನೀವು ನಿನ್ನೆ ಗುಂಪಿನಲ್ಲಿ ಕೇಳಿದ್ದಿರಿ. ಧ್ವನಿ ಸಂದೇಶ ಕಳಿಸಬೇಕೆಂದಿದ್ದೆ. ಅತ್ತೆಯವರೂ ನಿಧಾನವಾಗಿ ಓದಿಕೊಳ್ಳಲಿ ಎಂದು ಎದುರು ಕುಳಿತು ಹೇಳುವಂತೆಯೇ ಬರೆಯುತ್ತಿದ್ದೇನೆ.

ಮೂರನ್ನೂ ಸುತ್ತಲು ಸಾಧ್ಯವಿದೆ, ಆದರೆ ದಯವಿಟ್ಟು ಹಾಗೆ ಮಾಡಬೇಡಿ. ನಾನು ಮೊದಲ ಸಲ ಒಂದು ಪ್ರವಾಸ ಸಂಸ್ಥೆಯ ಬಸ್ಸಿನಲ್ಲಿ ಹೀಗೆಯೇ ಹೋಗಿದ್ದೆ. ಕೊರ್ಡೊಬಾದ ಹಳೆಯ ಮಸೀದಿಯೊಳಗೆ ಅವರು ಕೊಟ್ಟದ್ದು ಐವತ್ತು ನಿಮಿಷ, ಮಿಹ್ರಾಬಿನ, ಅಂದರೆ ಪ್ರಾರ್ಥನೆಯ ದಿಕ್ಕು ತೋರಿಸುವ ಗೋಡೆಯ ಗೂಡಿನ, ಎದುರು ನಿಂತು ತಲೆ ಎತ್ತುವಷ್ಟರಲ್ಲಿ ಬಸ್ಸು ಹೊರಡುವ ಹೊತ್ತಾಯಿತು ಎಂಬ ಕೂಗು. ಆ ಕೊರಗು ಮನಸ್ಸಿನಲ್ಲಿ ಉಳಿದೇ ಇತ್ತು. ಕಳೆದ ಮಾರ್ಚ್‌ನಲ್ಲಿ ನಾವಿಬ್ಬರೇ ಹೋಗಿ ಎರಡು ದಿನವನ್ನೂ ಆ ಒಂದೇ ಊರಿನಲ್ಲಿ ಕಳೆದೆವು, ಮಸೀದಿಗೆ ಎರಡು ಸಲ ಹೋದೆವು.

ಮ್ಯಾಡ್ರಿಡ್‌ನ ಅಟೋಚಾ ನಿಲ್ದಾಣದಿಂದ ವೇಗದ ರೈಲಿನಲ್ಲಿ ಕೊರ್ಡೊಬಾಕ್ಕೆ ಸುಮಾರು ಒಂದು ಮುಕ್ಕಾಲು ಗಂಟೆ. ಶುಕ್ರವಾರ ಸಂಜೆಯೇ ಹೊರಟುಬಿಡಿ. ತಂಗುವ ಜಾಗ ಮಸೀದಿಗೆ ಹತ್ತಿರವೇ ಇರಲಿ, ಏಕೆಂದರೆ ಹಳೆಯ ಊರಿನ ಓಣಿಗಳಿಗೆಲ್ಲ ಹೊಳೆಗಲ್ಲು ಹಾಸಿದ್ದಾರೆ, ಅತ್ತೆಯವರ ಮಂಡಿಗೆ ಅದು ಸುಲಭವಲ್ಲ. ಮಧ್ಯಾಹ್ನ ಹತ್ತು ಹೆಜ್ಜೆ ನಡೆದು ಬಂದು ಮಲಗಲು ಅವರಿಗೆ ಅನುಕೂಲವಾಗಬೇಕು.

ಶನಿವಾರ ಬೆಳಿಗ್ಗೆ ಎಂಟೂವರೆಗೆ ಮಸೀದಿಯ ಬಾಗಿಲಲ್ಲಿರಿ. ಸೋಮವಾರದಿಂದ ಶನಿವಾರದವರೆಗೆ ಎಂಟೂವರೆಯಿಂದ ಒಂಬತ್ತೂವರೆಯವರೆಗೆ ಟಿಕೆಟ್ ಇಲ್ಲದೆ ಒಳಗೆ ಬಿಡುತ್ತಾರೆ, ಆ ಹೊತ್ತಿನಲ್ಲಿ ದೊಡ್ಡ ಗುಂಪುಗಳಿಗೆ ಪ್ರವೇಶವಿಲ್ಲ. ಹಬ್ಬದ ದಿನಗಳಲ್ಲಿ ವೇಳೆ ಬದಲಾಗಬಹುದು, ಹಿಂದಿನ ದಿನ ಒಮ್ಮೆ ನೋಡಿಕೊಳ್ಳಿ. ಒಳಗೆ ಹೋಗುವ ಮುನ್ನ ಹೊರಗಿನ ಕಿತ್ತಳೆ ಮರಗಳ ಅಂಗಳದಲ್ಲಿ ಒಂದೈದು ನಿಮಿಷ ನಿಲ್ಲಿ. ಮರದಿಂದ ಮರಕ್ಕೆ ನೆಲದಲ್ಲಿ ಅಂಗೈಯಗಲದ ಕಾಲುವೆ ಕೊರೆದು, ಪ್ರತಿ ಬುಡಕ್ಕೂ ಪಾತಿ ಕಟ್ಟಿ ನೀರು ಹಾಯಿಸುವ ವ್ಯವಸ್ಥೆ ಮಾಡಿದ್ದಾರೆ. ನಮ್ಮ ತೋಟದಲ್ಲಿ ಅಜ್ಜ ಗುದ್ದಲಿ ಹಿಡಿದು ಒಂದು ಪಾತಿ ಮುಚ್ಚಿ ಇನ್ನೊಂದಕ್ಕೆ ನೀರು ತಿರುಗಿಸುತ್ತಿದ್ದದ್ದು ನನಗೆ ಅಲ್ಲಿ ಕಣ್ಣಿಗೆ ಕಟ್ಟಿತು. ಹಿಂದೆ ಅಂಗಳದ ಕಡೆಯ ಕಮಾನುಗಳು ತೆರೆದೇ ಇದ್ದವು, ಹೊರಗಿನ ಬೆಳಕು ನೇರವಾಗಿ ಕಂಬಗಳ ನಡುವೆ ಹರಿಯುತ್ತಿತ್ತು. ಅವನ್ನು ಮುಚ್ಚಿದ್ದು ಆಮೇಲೆ.

ಭಾವ, ನೀವು ಕಟ್ಟಡದ ಕೆಲಸ ಬಲ್ಲವರು, ಆದ್ದರಿಂದ ಇದನ್ನು ನಿಮಗಾಗಿಯೇ ಹೇಳುತ್ತೇನೆ. ಡಮಾಸ್ಕಸ್‌ನಿಂದ ಮುಸ್ಲಿಂ ಸಾಮ್ರಾಜ್ಯವನ್ನು ಆಳುತ್ತಿದ್ದ ಉಮಯ್ಯದ್ ಮನೆತನದವರನ್ನು 750ರಲ್ಲಿ ಕೊಂದು ಹಾಕಿದಾಗ ತಪ್ಪಿಸಿಕೊಂಡು ಬಂದ ಒಂದನೇ ಅಬ್ದ್ ಅಲ್ ರಹಮಾನ್ ಈ ಊರಿನಲ್ಲಿ ಅಧಿಕಾರ ಹಿಡಿದು 785ರ ಸುಮಾರಿಗೆ ಮಸೀದಿಯನ್ನು ಕಟ್ಟಿಸತೊಡಗಿದ. ಆ ಮೊದಲ ಭಾಗದ ಕಂಬಗಳು ರೋಮನ್ನರ ಮತ್ತು ಅವರ ನಂತರ ಇಲ್ಲಿ ಆಳಿದ ವಿಸಿಗೋತರ ಹಳೆಯ ಕಟ್ಟಡಗಳಿಂದ ತಂದು ನಿಲ್ಲಿಸಿದವು. ಒಂದು ಬೂದು ಬಣ್ಣದ್ದು, ಪಕ್ಕದ್ದು ಕೆಂಪು, ಒಂದು ನುಣುಪು, ಇನ್ನೊಂದಕ್ಕೆ ಸುರುಳಿಯಾಗಿ ಗೀರು ಕೊರೆದಿದೆ. ಒಂದರ ಬೋದಿಗೆಯ ಎಲೆಗಳು ಮೊನಚಾಗಿದ್ದರೆ ಪಕ್ಕದ್ದರ ಎಲೆಗಳು ಸವೆದು ಮೊಂಡಾಗಿವೆ. ಇವು ಅಷ್ಟು ದೊಡ್ಡ ಸಭಾಂಗಣಕ್ಕೆ ಸಾಲದಷ್ಟು ಗಿಡ್ಡ. ಅದಕ್ಕೆ ಅವರು ಕಂಬದ ನೆತ್ತಿಯ ಮೇಲೆ ಮತ್ತೊಂದು ಕಲ್ಲಿನ ಕಂಬವನ್ನೇರಿಸಿ, ಕಮಾನಿನ ಮೇಲೊಂದು ಕಮಾನು ಕಟ್ಟಿದರು. ಕೆಳಗಿನ ಕಮಾನು ಬಯಲಿನಲ್ಲಿ ತೂಗಿದಂತೆ ನಿಂತು ಕಂಬಗಳು ವಾಲದಂತೆ ಹಿಡಿದಿದೆ, ಮೇಲಿನದು ಛಾವಣಿಯ ಭಾರ ಹೊರುತ್ತದೆ. ಕಮಾನಿನಲ್ಲಿ ಕೆಂಪಗೆ ಕಾಣುವುದು ಇಟ್ಟಿಗೆ, ಬಿಳಿಯದು ಕಲ್ಲು. ಮಧ್ಯದಲ್ಲಿ ನಿಂತು ಎರಡು ಹೆಜ್ಜೆ ಪಕ್ಕಕ್ಕೆ ಸರಿದು ನೋಡಿ, ಸಾಲುಗಳೆಲ್ಲ ಕದಲಿ ಹೊಸದಾಗಿ ಜೋಡಿಕೊಳ್ಳುತ್ತವೆ. ಇಂದು ಉಳಿದಿರುವ ಕಂಬಗಳ ಸಂಖ್ಯೆ 856.

ಅಲ್ಲಿಂದ ದಕ್ಷಿಣಕ್ಕೆ ನಡೆದರೆ ಅದೇ ಮನೆತನದ ಖಲೀಫ ಎರಡನೇ ಅಲ್ ಹಕಮ್ 962ರ ಹೊತ್ತಿಗೆ ಆರಂಭಿಸಿದ ವಿಸ್ತರಣೆ ಸಿಗುತ್ತದೆ. ಮಿಹ್ರಾಬ್ ಇರುವುದು ಅದರ ಕೊನೆಯಲ್ಲಿ. ಅದರ ಸುತ್ತಲಿನ ಚಿನ್ನದ ಬಣ್ಣದ ಗಾಜಿನ ಹರಳುಗಳು ಬೈಜಾಂಟೈನ್ ಚಕ್ರವರ್ತಿಯಿಂದ ಬಂದವು, ಅಂದರೆ ಮಸೀದಿಯ ಅತ್ಯಂತ ಪವಿತ್ರವಾದ ಗೋಡೆಯನ್ನು ಸಿಂಗರಿಸಲು ಒಬ್ಬ ಕ್ರೈಸ್ತ ದೊರೆ ಸಾಮಗ್ರಿ ಕಳಿಸಿಕೊಟ್ಟಿದ್ದ. 987ರಲ್ಲಿ ಮುಂದಿನ ಖಲೀಫನ ಹೆಸರಿನಲ್ಲಿ ಆಡಳಿತ ನಡೆಸುತ್ತಿದ್ದ ಮಂತ್ರಿ ಅಲ್ ಮನ್ಸೂರ್ ಮತ್ತೆ ದೊಡ್ಡದು ಮಾಡಲು ಹೊರಟಾಗ ದಕ್ಷಿಣಕ್ಕೆ ನದಿ, ಪಶ್ಚಿಮಕ್ಕೆ ಅರಮನೆ ಅಡ್ಡವಾಗಿದ್ದವು. ಹಾಗಾಗಿ ಪೂರ್ವಕ್ಕೆ ಬೆಳೆಸಿದ, ಮಿಹ್ರಾಬ್ ನಡುವಿನಿಂದ ಒಂದು ಬದಿಗೆ ಸರಿದಂತಾಯಿತು. ಆ ಭಾಗದ ಕಮಾನುಗಳ ಹತ್ತಿರ ಹೋಗಿ ನೋಡಿ, ಅಲ್ಲಿ ಇಟ್ಟಿಗೆಯಿಲ್ಲ, ಎಲ್ಲವೂ ಕಲ್ಲು, ಕೆಂಪು ಬರಿಯ ಬಣ್ಣ. ಕೆಲಸ ಬೇಗ ಮುಗಿಯಬೇಕೆಂಬ ಅವಸರ ಅದರಲ್ಲಿ ನನಗೆ ಕಾಣಿಸಿತು.

ಇಷ್ಟರ ನಡುವೆ ಒಂದು ಇಡೀ ಕ್ಯಾಥೆಡ್ರಲ್ ಎದ್ದು ನಿಂತಿದೆ. 1236ರಲ್ಲಿ ಕ್ಯಾಸ್ಟೀಲಿನ ಕ್ರೈಸ್ತ ದೊರೆ ಮೂರನೇ ಫರ್ಡಿನಾಂಡ್ ಊರನ್ನು ಗೆದ್ದ ಮೇಲೆ ಮಸೀದಿಯೇ ಚರ್ಚ್ ಆಯಿತು, ಆದರೆ ಕಟ್ಟಡ ಬಹುಪಾಲು ಹಾಗೆಯೇ ಉಳಿದಿತ್ತು. 1523ರಲ್ಲಿ ಬಿಷಪ್ ಅಲೊನ್ಸೊ ಮನ್ರಿಕೆ ನಟ್ಟನಡುವೆ ಕ್ಯಾಥೆಡ್ರಲ್ ಎಬ್ಬಿಸಲು ಮುಂದಾದಾಗ ಊರಿನ ಆಡಳಿತ ಮಂಡಳಿಯೇ ವಿರೋಧಿಸಿತು, ಕೆಡವುವ ಕೆಲಸಕ್ಕೆ ಕೈಹಾಕಿದವರಿಗೆ ಮರಣದಂಡನೆ ಎಂದು ಡಂಗುರ ಸಾರಿಸಿತು. ಕೊನೆಗೆ ಐದನೇ ಚಾರ್ಲ್ಸ್ ದೊರೆ ಬಿಷಪ್‌ನ ಪರವಾಗಿ ಒಪ್ಪಿಗೆ ಕೊಟ್ಟ. ಕ್ಯಾಥೆಡ್ರಲಿನೊಳಗೆ ಪಾದ್ರಿಗಳು ಕೂರುವ ಮಹಾಗನಿ ಮರದ ಆಸನಗಳ ಕೆತ್ತನೆ ನಿಜಕ್ಕೂ ಸೊಗಸಾಗಿದೆ, ಅದನ್ನು ಮಾಡಿದ ಕೈಗಳಿಗೆ ನಮಸ್ಕರಿಸಬೇಕು. ಆದರೂ ಕತ್ತಲೆಯ ತಗ್ಗು ಕಮಾನುಗಳ ಕಾಡಿನಿಂದ ಆ ಬೆಳ್ಳನೆಯ ಎತ್ತರಕ್ಕೆ ಕಾಲಿಟ್ಟಾಗ ನನ್ನ ಎದೆ ಭಾರವಾಯಿತು, ಎರಡನೇ ಸಲ ಹೋದಾಗಲೂ ಹಾಗೆಯೇ. ಬೇರೆ ಪೂಜಾಸ್ಥಳವನ್ನು ಒಡೆದು ಕಟ್ಟುವುದು ಯಾರು ಮಾಡಿದರೂ ನನಗೆ ಒಪ್ಪಿಗೆಯಾಗದು.

ಊಟದ ಬಗ್ಗೆ ಅತ್ತೆಯವರು ಚಿಂತಿಸಬೇಕಾಗಿಲ್ಲ. ಈ ಊರಿನ ಸಾಲ್ಮೊರೆಹೊ ಎಂಬುದು ಟೊಮೆಟೊ, ಬ್ರೆಡ್, ಬೆಳ್ಳುಳ್ಳಿ, ಆಲಿವ್ ಎಣ್ಣೆ ಸೇರಿಸಿ ರುಬ್ಬಿದ ತಣ್ಣನೆಯ ಗಟ್ಟಿ ಸಾರು. ಮೇಲೆ ಮೊಟ್ಟೆ ಮತ್ತು ಹಂದಿಮಾಂಸದ ಚೂರು ಉದುರಿಸುತ್ತಾರೆ, ಹಾಗಾಗಿ 'ಸಿನ್ ವೇವೊ, ಸಿನ್ ಹಮೋನ್' (ಮೊಟ್ಟೆ ಬೇಡ, ಹಂದಿಮಾಂಸ ಬೇಡ) ಎಂದು ಮೊದಲೇ ಹೇಳಿಬಿಡಿ. ಬದನೆಕಾಯಿಯನ್ನು ಹಿಟ್ಟಿನಲ್ಲಿ ಹೊರಳಿಸಿ ಕರಿದು, ಮೇಲೆ ಕಬ್ಬಿನ ಪಾಕ ಸುರಿದು ಕೊಡುತ್ತಾರೆ. ಒಂದು ಹೋಳು ಬಾಯಿಗಿಟ್ಟಾಗ ಇದು ನಮ್ಮ ಜೋನಿ ಬೆಲ್ಲವೇ ಎನ್ನಿಸಿ ನಾವಿಬ್ಬರೂ ಮುಖ ನೋಡಿಕೊಂಡೆವು.

ಶನಿವಾರ ಸಂಜೆ ಯಹೂದಿಗಳ ಕೇರಿಯಲ್ಲಿ ಸುತ್ತಾಡಿ. 1315ರ ಪುಟ್ಟ ಸಿನಗಾಗ್, ಅಂದರೆ ಅವರ ಪ್ರಾರ್ಥನಾ ಮಂದಿರ, ಒಂದೇ ಕೋಣೆ, ಗಾರೆಯ ಗೋಡೆಯಲ್ಲಿ ಹೀಬ್ರೂ ಅಕ್ಷರಗಳ ಸಾಲು. 1492ರಲ್ಲಿ ಯಹೂದಿಗಳನ್ನು ದೇಶದಿಂದ ಹೊರಹಾಕಿದ ಮೇಲೆ ಅದು ಬೇರೆ ಬೇರೆ ಕೈ ಸೇರಿ, ಒಂದು ಕಾಲಕ್ಕೆ ಚಮ್ಮಾರರ ಸಂಘದ ಪ್ರಾರ್ಥನಾ ಮಂದಿರವೂ ಆಗಿತ್ತು. ತತ್ತ್ವಜ್ಞಾನಿ, ವೈದ್ಯ ಮೈಮೊನಿಡೀಸ್ ಹುಟ್ಟಿದ್ದು ಈ ಊರಿನಲ್ಲೇ, ಅರಿಸ್ಟಾಟಲ್‌ನಿಗೆ ವ್ಯಾಖ್ಯಾನ ಬರೆದ ಇಬ್ನ್ ರುಷ್ದ್ ಕೂಡ ಇಲ್ಲಿಯವನೇ. ಕತ್ತಲಾಗುವ ಮೊದಲು ಗ್ವಾದಲ್ಕಿವೀರ್ ನದಿಯ ಹದಿನಾರು ಕಮಾನುಗಳ ರೋಮನ್ ಸೇತುವೆ ದಾಟಿ ಆಚೆ ದಡದಿಂದ ಊರನ್ನು ನೋಡಿ. ಸೇತುವೆಯ ಮೇಲೆ ವಾಹನಗಳಿಲ್ಲ, ಅತ್ತೆಯವರು ನಿಶ್ಚಿಂತೆಯಿಂದ ನಡೆಯಬಹುದು.

ಭಾನುವಾರ ಬೆಳಿಗ್ಗೆ ಭಾವ ಮತ್ತು ಅಕ್ಕ ಇಬ್ಬರೇ ಎಂಟು ಕಿಲೋಮೀಟರ್ ದೂರದ ಮದೀನಾ ಅಜಹರಾಕ್ಕೆ ಹೋಗಿಬರಬಹುದು, ಮೂರನೇ ಅಬ್ದ್ ಅಲ್ ರಹಮಾನ್ ಹತ್ತನೇ ಶತಮಾನದಲ್ಲಿ ಕಟ್ಟಿಸಿ ನೂರು ವರ್ಷ ತುಂಬುವ ಮೊದಲೇ ಹಾಳುಬಿದ್ದ ರಾಜಧಾನಿ ಅದು. ಬಿಸಿಲಿನಲ್ಲಿ ಇಳಿಜಾರು ಹತ್ತಿ ಇಳಿಯಬೇಕು, ಅತ್ತೆಯವರಿಗೆ ಬೇಡ. ಅವರನ್ನು ಮಧ್ಯಾಹ್ನ ವಿಯಾನಾ ಅರಮನೆಗೆ ಕರೆದೊಯ್ಯಿರಿ. ಅಲ್ಲಿ ಹನ್ನೆರಡು ಒಳಾಂಗಣಗಳಿವೆ. ತೊಟ್ಟಿಮನೆಯಲ್ಲಿ ಬೆಳೆದವರಿಗೆ ಅಲ್ಲಿನ ತಂಪು ಹೊಸದೆನಿಸುವುದಿಲ್ಲ. ಗೋಡೆಯ ತುಂಬ ಹೂಕುಂಡ ನೇತುಹಾಕುವುದು ಈ ಊರಿನ ಮನೆಮನೆಯ ರೂಢಿ, ಎತ್ತರದ ಕುಂಡಗಳಿಗೆ ಉದ್ದನೆಯ ಕೋಲಿನ ತುದಿಗೆ ಡಬ್ಬಿ ಕಟ್ಟಿ ನೀರು ಹನಿಸುತ್ತಾರೆ. ಇಲ್ಲಿನ ಒಳಾಂಗಣಗಳ ಹಬ್ಬವನ್ನು 2012ರಲ್ಲಿ ಯುನೆಸ್ಕೊ ತನ್ನ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿತು, ಆದರೆ ಅದು ನಡೆಯುವುದು ಮೇ ತಿಂಗಳಲ್ಲಿ.

ಮಸೀದಿಯನ್ನು ಎರಡನೇ ಸಲ ನೋಡುವುದಿದ್ದರೆ ಭಾನುವಾರ ಬೆಳಗಿನ ಪೂಜೆಯ ಹೊತ್ತಿನಲ್ಲಿ ಪ್ರವಾಸಿಗರನ್ನು ಬಿಡುವುದಿಲ್ಲ, ಮಧ್ಯಾಹ್ನದ ಟಿಕೆಟ್ ತೆಗೆದುಕೊಳ್ಳಿ. ರೈಲಿನ ಟಿಕೆಟ್ಟನ್ನು ಮಾತ್ರ ಈ ವಾರವೇ ಮಾಡಿಸಿಬಿಡಿ, ಹತ್ತಿರ ಬಂದಂತೆ ದರ ಏರುತ್ತದೆ. ಅಟೋಚಾದಲ್ಲಿ ಸಾಮಾನು ತಪಾಸಣೆ ಇರುವುದರಿಂದ ಅರ್ಧ ಗಂಟೆ ಮೊದಲೇ ತಲುಪಿ. ಅತ್ತೆಯವರಿಗೆ ಹಿಡಿತವಿರುವ ಶೂ ಕೊಡಿಸಿ, ಚಪ್ಪಲಿ ಆ ಕಲ್ಲುಗಳ ಮೇಲೆ ಜಾರುತ್ತದೆ.