ಟೇಬಲ್ ಲ್ಯಾಂಪಿಗೆ ಅಲ್ಯೂಮಿನಿಯಮ್ಮೋ ಪ್ಲಾಸ್ಟಿಕ್ಕೋ? ಪರಿಸರದ ಲೆಕ್ಕ ಹಾಕಲು ಏನಾದರೂ ಇದೆಯಾ?

ಪೀಣ್ಯ ಶೆಡ್:
ಪೀಣ್ಯ ಎರಡನೇ ಹಂತದಲ್ಲಿ ನಮ್ಮದು ಆರು ಜನರ ಶೆಡ್. ಟೇಬಲ್ ಲ್ಯಾಂಪ್ ಮಾಡುತ್ತಿದ್ದೇವೆ. ಎಲ್‌ಇಡಿ 7 ವ್ಯಾಟ್, ಬಾಡಿ 200 ಗ್ರಾಂ. ನನಗೆ ಅಲ್ಯೂಮಿನಿಯಂ ಇಷ್ಟ, ಪಾರ್ಟ್‌ನರ್‌ಗೆ ಎಬಿಎಸ್ ಪ್ಲಾಸ್ಟಿಕ್. ‘ಪರಿಸರಕ್ಕೆ ಯಾವುದು ಒಳ್ಳೇದು’ ಅಂತ ಗಿರಾಕಿ ಕೇಳಿದರೆ ಇಬ್ಬರೂ ತಲೆ ಕೆರೆದುಕೊಳ್ಳುತ್ತೇವೆ. ಈ ಲೆಕ್ಕ ಹಾಕುವ ಸಿಮಾಪ್ರೊ ಸಾಫ್ಟ್‌ವೇರ್ ನಮ್ಮ ಜೇಬಿಗೆ ಎಟುಕುವುದಿಲ್ಲ. ಬಿಟ್ಟಿ ಸಿಗುವುದು ಏನಾದರೂ ಇದೆಯಾ? ವಾರದಲ್ಲಿ ಅಚ್ಚಿಗೆ ಅಡ್ವಾನ್ಸ್ ಕೊಡಬೇಕು.

ಹಳೇ ಟೂಲ್‌ರೂಂ:
ಅದೇ ಕೆಲಸದ ಓಪನ್‌ಎಲ್‌ಸಿಎ ಸಾಫ್ಟ್‌ವೇರ್ ಬಿಟ್ಟಿ ಸರ್. ಆದರೆ ಅದು ಬರೀ ಪಾತ್ರೆ, ಅಕ್ಕಿ, ಅಂದರೆ ಅಂಕಿ-ಅಂಶ, ನೀವೇ ತರಬೇಕು. ಇಕೋಇನ್ವೆಂಟ್ ಡೇಟಾಗೆ ದುಡ್ಡು ಕೊಡಬೇಕು. ಮೊದಲು ನೆದರ್‌ಲ್ಯಾಂಡ್ಸಿನ ಡೆಲ್ಫ್ಟ್ ಯೂನಿವರ್ಸಿಟಿಯವರ ಐಡೆಮ್ಯಾಟ್ ಪಟ್ಟಿ ನೋಡಿ, ಯಾವ ವಸ್ತುವಿಗೆ ಎಷ್ಟು ಕಾರ್ಬನ್ ಅಂತ ಅದರಲ್ಲಿದೆ. ಎಕ್ಸೆಲ್ ಬಂದರೆ ಸಾಕು. ಅಂಕಿ ಜಾಸ್ತಿ ಯುರೋಪಿನದ್ದು, ಅದೊಂದು ನೆನಪಿರಲಿ.

ಜಯನಗರದ ಲೆಕ್ಕದವಳು:
ಸಾಫ್ಟ್‌ವೇರ್ ಆಮೇಲೆ. ಮೊದಲು ಚೀಟಿ ಮೇಲೆ ಗೀಚಿ. ನಾನೂ ಒಂದು ಸಲ ಬಾಡಿ ಬಗ್ಗೆಯೇ ತಿಂಗಳುಗಟ್ಟಲೆ ಜಗಳ ಆಡಿದವಳು.

ದಿನಕ್ಕೆ 4 ಗಂಟೆ, 5 ವರ್ಷ ಅಂದರೆ 7,300 ಗಂಟೆ. ಎಲ್‌ಇಡಿಗೆ ಕರೆಂಟ್ ಹೊಂದಿಸಿ ಕೊಡುವ ನಿಮ್ಮ ಡ್ರೈವರ್ 75 ಪರ್ಸೆಂಟ್ ದಕ್ಷತೆಯದ್ದಾದರೆ ಪ್ಲಗ್ಗಿನಿಂದ 9.3 ವ್ಯಾಟ್ ಎಳೆಯುತ್ತದೆ. ಒಟ್ಟು 68 ಯೂನಿಟ್. ನಮ್ಮ ದೇಶದ ಕರೆಂಟಿಗೆ ಯೂನಿಟ್ಟಿಗೆ ಸುಮಾರು 0.7 ಕೆಜಿ ಕಾರ್ಬನ್ ಡೈಆಕ್ಸೈಡ್. ಅಂದರೆ 47 ಕೆಜಿ ಮೇಲೆ! ಬಾಡಿ ಎಷ್ಟು? ಕಲ್ಲಿದ್ದಲ ಕರೆಂಟಿನಲ್ಲಿ ತಯಾರಾದ ಹೊಸ ಅಲ್ಯೂಮಿನಿಯಂ 200 ಗ್ರಾಂಗೆ 3 ಕೆಜಿಗಿಂತ ಜಾಸ್ತಿ, ಎಬಿಎಸ್‌ಗೆ 1 ಕೆಜಿಯೂ ಇಲ್ಲ. ನಿಮ್ಮಿಬ್ಬರ ಜಗಳ ಇಷ್ಟಕ್ಕೇ. 85 ಪರ್ಸೆಂಟಿನ ಡ್ರೈವರ್ ಹಾಕಿದರೆ 8 ಯೂನಿಟ್, ಅಂದರೆ ಐದೂವರೆ ಕೆಜಿ ಉಳಿಯುತ್ತದೆ.

ಇನ್ನೊಂದು ಮಾತು, ಮುಚ್ಚಳಕ್ಕೆ ಸ್ಕ್ರೂ ಹಾಕಿ. ಎಲ್‌ಇಡಿಗಿಂತ ಮುಂಚೆ ಡ್ರೈವರೇ ಸಾಯುವುದು. ಅಂಟು ಹಾಕಿದರೆ ಇಡೀ ಲ್ಯಾಂಪ್ ಗುಜರಿಗೆ. ಸ್ಕ್ರೂ ಇದ್ದರೆ ಎಸ್.ಪಿ. ರೋಡಿನಲ್ಲಿ ಬೇರೆ ಡ್ರೈವರ್ ತಂದು ಕೂರಿಸಬಹುದು, ಅಲ್ವಾ?

ಹಳೇ ಟೂಲ್‌ರೂಂ:
ಮೇಡಂ ಸರಿ ಹೇಳಿದರು. ಅಲ್ಯೂಮಿನಿಯಮ್ಮೇ ಬೇಕು ಅಂದರೆ ಗುಜರಿಯಿಂದ ಕರಗಿಸಿದ್ದನ್ನು ಕೇಳಿ. ಹೊಸದಕ್ಕೆ ಬೇಕಾಗುವ ಶಕ್ತಿಯಲ್ಲಿ ಸುಮಾರು 5 ಪರ್ಸೆಂಟ್ ಸಾಕು. ಆಗ ಎಬಿಎಸ್ ಜೊತೆಗಿನ ಜಗಳವೂ ತಲೆಕೆಳಗಾಗಬಹುದು.

ಪೀಣ್ಯ ಶೆಡ್:
ಸಂಜೆ ಮೀಟರ್ ಇಟ್ಟು ನೋಡಿದೆ. 9.6 ವ್ಯಾಟ್! 85ರ ಡ್ರೈವರ್‌ಗೆ ಪೀಸಿಗೆ 22 ರೂಪಾಯಿ ಜಾಸ್ತಿ ಹೇಳುತ್ತಿದ್ದಾರೆ, ಚೌಕಾಸಿ ನಡೆದಿದೆ. ಅಚ್ಚಿನ ಡ್ರಾಯಿಂಗಿಗೆ ನಾಲ್ಕು ಸ್ಕ್ರೂ ತೂತು ಸೇರಿಸಿದೆವು. ಅಂಟಿನ ಐಡಿಯಾ ನನ್ನದೇ ಆಗಿತ್ತು, ಪಾರ್ಟ್‌ನರ್ ಅದನ್ನು ಹೇಳಿ ರೇಗಿಸುವುದನ್ನು ಇನ್ನೂ ಬಿಟ್ಟಿಲ್ಲ.