ವಾಯುಭಾರ ಕುಸಿತ, ಚಂಡಮಾರುತ, ಎಚ್ಚರಿಕೆ: ಯಾವ ಮಾತು ಎಲ್ಲಿಗೆ?

ಪ್ರಶ್ನೆ: ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರ ವಾಟ್ಸ್‌ಆ್ಯಪ್ ಗುಂಪಿಗೆ ಹವಾಮಾನ ಇಲಾಖೆಯ ಇಂಗ್ಲಿಷ್ ಪ್ರಕಟಣೆಯನ್ನು ಕನ್ನಡ ಮಾಡಿ ಹಾಕಬೇಕಿದೆ. ಲೋ ಪ್ರೆಷರ್, ಡಿಪ್ರೆಷನ್, ಡೀಪ್ ಡಿಪ್ರೆಷನ್ ಮೂರಕ್ಕೂ ಪತ್ರಿಕೆಗಳಲ್ಲಿ ‘ವಾಯುಭಾರ ಕುಸಿತ’ ಎಂದೇ ಬರುತ್ತದೆ. ವಾಚ್, ಅಲರ್ಟ್, ವಾರ್ನಿಂಗ್ ಎಲ್ಲವೂ ‘ಎಚ್ಚರಿಕೆ’. ಹರಿಕೇನ್ ಅಂದರೆ ಸುಂಟರಗಾಳಿಯೇ? ತಿಳಿದವರು ಬಿಡಿಸಿ ಹೇಳಿ.

ಉತ್ತರ: ಮೊದಲು ಸುಂಟರಗಾಳಿಯನ್ನು ಬದಿಗಿಡಿ. ಬೇಸಿಗೆಯಲ್ಲಿ ಬಯಲಿನ ದರಗು ಎತ್ತಿ ಗಿರ್ರನೆ ತಿರುಗಿಸುವುದು ಸುಂಟರಗಾಳಿ. ಗುಡುಗುಮೋಡದಿಂದ ನೆಲಕ್ಕೆ ಇಳಿಯುವ ಬಲು ದೊಡ್ಡದು ಟೊರ್ನಾಡೊ. ಹರಿಕೇನ್ ಹುಟ್ಟುವುದು ಬೆಚ್ಚಗಿನ ಸಮುದ್ರದ ಮೇಲೆ, ಹರಡುವುದು ನೂರಾರು ಕಿಲೋಮೀಟರ್, ಬದುಕುವುದು ದಿನಗಟ್ಟಲೆ. ನಮ್ಮ ಚಂಡಮಾರುತವೇ ಅದು. ಗಾಳಿ 64 ನಾಟ್, ಅಂದರೆ ಗಂಟೆಗೆ ಸುಮಾರು 119 ಕಿ.ಮೀ. ಮುಟ್ಟಿದರೆ ಅಟ್ಲಾಂಟಿಕ್‌ನವರಿಗೆ ಹರಿಕೇನ್, ಚೀನಾ–ಜಪಾನ್ ಕಡೆಯವರಿಗೆ ಟೈಫೂನ್, ನಮ್ಮ ಇಲಾಖೆಗೆ ‘ಅತಿ ತೀವ್ರ ಚಂಡಮಾರುತ’. ಒಂದು ವ್ಯತ್ಯಾಸ ನೆನಪಿರಲಿ: ನಮ್ಮವರು ಮೂರು ನಿಮಿಷದ ಸರಾಸರಿ ಗಾಳಿ ಹೇಳುತ್ತಾರೆ, ಅಮೆರಿಕದವರು ಒಂದು ನಿಮಿಷದ್ದು. ಒಂದೇ ಚಂಡಮಾರುತಕ್ಕೆ ಅವರ ಅಂಕಿ ಹೆಚ್ಚು ಕಾಣುವುದು ಅದಕ್ಕೇ. ಎರಡನ್ನೂ ಕಲಸಿ ಹಾಕಬೇಡಿ.

ಇನ್ನು ಕುಸಿತ. ಗಾಳಿ 17 ನಾಟ್‌ಗಿಂತ ಕಡಿಮೆ ಇದ್ದರೆ ಅದು ಬರೀ ‘ಕಡಿಮೆ ಒತ್ತಡದ ಪ್ರದೇಶ’. 17ರಿಂದ 27 ನಾಟ್ (ಸುಮಾರು 31–50 ಕಿ.ಮೀ.) ಡಿಪ್ರೆಷನ್, ಅದನ್ನು ಮಾತ್ರ ವಾಯುಭಾರ ಕುಸಿತ ಎನ್ನಿ. 28ರಿಂದ 33 ನಾಟ್ ‘ತೀವ್ರ ವಾಯುಭಾರ ಕುಸಿತ’. 34 ಮುಟ್ಟಿದಾಗ ಚಂಡಮಾರುತ. ಹೆಸರು ಸಿಗುವುದೂ ಆಗಲೇ. ಹೆಸರಿಲ್ಲದ್ದನ್ನು ಚಂಡಮಾರುತ ಎಂದು ಬರೆದಿದ್ದರೆ ಅನುಮಾನಿಸಿ. (2023ರ ಜೂನ್‌ನ ಬಿಪರ್‌ಜಾಯ್ ಬಾಂಗ್ಲಾದೇಶ ಕೊಟ್ಟ ಹೆಸರು, ನಮ್ಮ ‘ವಿಪರ್ಯಯ’ವೇ ಬಂಗಾಳಿಯಲ್ಲಿ ಅನಾಹುತ ಎಂಬ ಅರ್ಥ ತಳೆದು ಆ ರೂಪದಲ್ಲಿದೆ.) ‘ಕುಸಿತ’ ನನಗಂತೂ ಒಪ್ಪಿಗೆಯಾದ ಪದವಲ್ಲ. ಧರೆ ಕುಸಿಯಿತು, ಗುಡ್ಡ ಕುಸಿಯಿತು ಎಂದು ಕೇಳುವ ಊರಿನಲ್ಲಿ ಅದೇ ಸಂದೇಶದೊಳಗೆ ವಾಯುಭಾರವೂ ಕುಸಿದರೆ ಓದುವವರು ಗಾಬರಿಯಾಗುತ್ತಾರೆ. ಆದರೆ ಪದ ನಿಂತುಬಿಟ್ಟಿದೆ, ಹೊಸದು ಕಟ್ಟುವುದಕ್ಕಿಂತ ಮೂರು ಹಂತ ಬೇರೆ ಮಾಡಿದರೆ ಸಾಕು.

ಎಚ್ಚರಿಕೆಯ ವಿಷಯಕ್ಕೆ ಬಂದರೆ, ಚಂಡಮಾರುತಕ್ಕೆ ಇಲಾಖೆಯದ್ದು ನಾಲ್ಕು ಹಂತ. ಪ್ರಿ–ಸೈಕ್ಲೋನ್ ವಾಚ್ ‘ನಿಗಾ’; ಕರಾವಳಿಯಲ್ಲಿ ಹವೆ ಕೆಡುವ ಕನಿಷ್ಠ 48 ಗಂಟೆ ಮೊದಲು ಬರುವ ಅಲರ್ಟ್ ‘ಜಾಗೃತಿ ಸೂಚನೆ’; ಕನಿಷ್ಠ 24 ಗಂಟೆ ಮೊದಲಿನ ವಾರ್ನಿಂಗ್ ‘ಎಚ್ಚರಿಕೆ’. ‘ಮುನ್ನೆಚ್ಚರಿಕೆ’ ಬೇಡ, ಅದು ನಾವು ವಹಿಸುವುದು, ಇಲಾಖೆ ಕೊಡುವುದಲ್ಲ. ನಾಲ್ಕನೆಯದು ಪೋಸ್ಟ್ ಲ್ಯಾಂಡ್‌ಫಾಲ್ ಔಟ್‌ಲುಕ್, ಮಲೆನಾಡಿನವರು ಓದಬೇಕಾದದ್ದೇ ಇದನ್ನು. ಹೆಸರು ನೋಡಿ ಎಲ್ಲ ಮುಗಿದ ಮೇಲಿನ ವರದಿ ಎಂದುಕೊಳ್ಳುತ್ತಾರೆ. ಹಾಗಲ್ಲ, ಚಂಡಮಾರುತದ ಕೇಂದ್ರ ದಡ ಮುಟ್ಟುವ ಕನಿಷ್ಠ 12 ಗಂಟೆ ಮೊದಲೇ ಬರುತ್ತದೆ. ದಡ ಹತ್ತಿದ ಮೇಲೆ ಯಾವ ದಿಕ್ಕಿಗೆ ಹೋಗುತ್ತದೆ, ಒಳನಾಡಿನಲ್ಲಿ ಏನಾಗುತ್ತದೆ ಎಂಬುದು ಅದರಲ್ಲಿರುತ್ತದೆ. ‘ದಡ ದಾಟಿದ ನಂತರದ ಮುನ್ನೋಟ’ ಎಂದರೆ ಸರಿಹೋಗುತ್ತದೆ. ‘ಅಪ್ಪಳಿಸು’ ಎನ್ನುವುದಕ್ಕಿಂತ ‘ದಾಟು’ ಮೇಲು. ದಾಟಿದ ಮೇಲೆ ಸಮುದ್ರದ ಕಾವು, ತೇವ ಸಿಗದೆ ಗಾಳಿ ಇಳಿಯುತ್ತದೆ, ಆದರೆ ಮಳೆ ಅಷ್ಟು ಬೇಗ ಬಿಡುವುದಿಲ್ಲ. ಬಂಗಾಳ ಕೊಲ್ಲಿಯದ್ದು ಒಳನಾಡಿಗೆ ಬರುವಷ್ಟರಲ್ಲಿ ‘ದುರ್ಬಲಗೊಂಡಿದೆ’ ಎಂದು ಪ್ರಕಟಣೆ ಹೇಳುವುದು ಗಾಳಿಯ ಬಗ್ಗೆ. ಅದನ್ನು ‘ಅಪಾಯ ತಪ್ಪಿತು’ ಎಂದು ತಿರುಗಿಸಿದರೆ ಅಂಗಳದ ಅಡಿಕೆ ನೆನೆಯುತ್ತದೆ.

ಹಾಗಾಗಿ ನಿಮ್ಮ ಗುಂಪಿಗೆ ಗಾಳಿಗಿಂತ ಮಳೆಯ ಪದಗಳೇ ಮುಖ್ಯ. ಹೆವಿ ಎಂದರೆ 24 ಗಂಟೆಯಲ್ಲಿ 64.5ರಿಂದ 115.5 ಮಿ.ಮೀ. ‘ಭಾರಿ’, ವೆರಿ ಹೆವಿ 204.4ರವರೆಗೆ ‘ಅತಿ ಭಾರಿ’; ಅದಕ್ಕೂ ಮೇಲೆ ‘ಅತ್ಯಂತ ಭಾರಿ’. ‘ಧಾರಾಕಾರ’, ‘ಜಡಿಮಳೆ’ ಕಿವಿಗೆ ಚೆನ್ನ, ಅಳತೆ ಇಲ್ಲ. ಅಂಕಿಯನ್ನೂ ಹಾಕಿಬಿಡಿ: ಆಗುಂಬೆಯವರು ಜುಲೈನಲ್ಲಿ 70 ಮಿ.ಮೀ.ಗೆ ತಲೆ ಎತ್ತಿ ನೋಡುವುದಿಲ್ಲ, ನವೆಂಬರಿನಲ್ಲಿ ಅದೇ 70 ಬಿದ್ದರೆ ಬೇಯಿಸಿ ಹರವಿದ ಅಡಿಕೆಗೆ ಬೂಷ್ಟು, ಗದ್ದೆಯಲ್ಲಿ ಕೊಯ್ದು ಹಾಕಿದ ಭತ್ತದ ಅರಿಯಲ್ಲಿ ಮೊಳಕೆ. ಎಷ್ಟು ಕಡೆ ಎಂಬುದಕ್ಕೂ ಲೆಕ್ಕವಿದೆ. ‘ಒಂದೆರಡು ಕಡೆ’ ಎಂದರೆ ಮಳೆ ಅಳೆಯುವ ಕೇಂದ್ರಗಳಲ್ಲಿ ನೂರಕ್ಕೆ 25ರೊಳಗೆ, ‘ಕೆಲವು ಕಡೆ’ 50ರವರೆಗೆ, ‘ಹಲವು ಕಡೆ’ 75ರವರೆಗೆ, ‘ಬಹುತೇಕ ಎಲ್ಲ ಕಡೆ’ ಅದಕ್ಕೂ ಹೆಚ್ಚು. ಇವನ್ನು ‘ಅಲ್ಲಲ್ಲಿ’ ಎಂಬ ಒಂದೇ ಪದದಲ್ಲಿ ಮುಗಿಸಬೇಡಿ.

ಪ್ರಕಟಣೆಯಲ್ಲಿ ಬರುವ ಹಳದಿ, ಕಿತ್ತಳೆ, ಕೆಂಪು ಇವು ಮಳೆಯ ಅಳತೆಯೊಂದನ್ನೇ ಹೇಳುವ ಬಣ್ಣಗಳಲ್ಲ. ಮಳೆ ಬರುವ ಸಾಧ್ಯತೆ, ಬಂದರೆ ಬೀಳುವ ಪೆಟ್ಟು ಎರಡೂ ಸೇರಿವೆ. ಹಳದಿಗೆ ‘ಗಮನಿಸುತ್ತಿರಿ’, ಕಿತ್ತಳೆಗೆ ‘ಸಿದ್ಧರಾಗಿ’, ಕೆಂಪಿಗೆ ‘ಕ್ರಮ ಕೈಗೊಳ್ಳಿ’.

ಕೊನೆಗೆ ದಿನಾಂಕ. ಇಲಾಖೆಯ ಮಳೆ ದಿನ ಬೆಳಗ್ಗೆ 8.30ರಿಂದ ಮರುದಿನ 8.30ಕ್ಕೆ. 3ನೇ ತಾರೀಖಿನ ಅಳತೆ ಎಂದು ಬಂದದ್ದರಲ್ಲಿ ಹೆಚ್ಚಿನದು 2ರಂದು ಬಿದ್ದ ಮಳೆ. ‘3ರ ಬೆಳಗ್ಗೆ 8.30ಕ್ಕೆ ಮುಗಿದ 24 ಗಂಟೆಯಲ್ಲಿ’ ಎಂದೇ ಬರೆಯಿರಿ, ಉದ್ದವಾದರೂ ಅಡ್ಡಿಯಿಲ್ಲ.