ಅಪ್‌ಡೇಟ್: ಪಿಕಪ್‌ಗೆ ಫೋರ್ ವೀಲ್ ಹಾಕಿಸುವ ವಿಷಯ

ತೀರ್ಥಹಳ್ಳಿ ಕಡೆಯ ತೋಟದ ಕೆಸರಿಗೆ ಟೂ ವೀಲ್ (ಹಿಂದಿನ ಎರಡು ಚಕ್ರಕ್ಕಷ್ಟೇ ಎಂಜಿನ್ ಬಲ) ಪಿಕಪ್ಪನ್ನು ಫೋರ್ ವೀಲ್ (ನಾಲ್ಕೂ ಚಕ್ರಕ್ಕೆ ಬಲ) ಮಾಡಿಸಬಹುದೇ ಎಂದು ಕೇಳಿದ್ದೆ. ಆಗುತ್ತದೆ, ಆದರೆ ಹಳೇ ಜೀಪಿನ ಮುಂದಿನ ಆಕ್ಸಲ್ ತಂದು ಕೂರಿಸಿದರಷ್ಟೇ ಸಾಲದು. ಅದರ ಕ್ರೌನ್-ಪಿನಿಯನ್ (ಆಕ್ಸಲ್ ಒಳಗಿನ ದೊಡ್ಡ ಗೇರ್ ಮತ್ತು ಅದನ್ನು ತಿರುಗಿಸುವ ಚಿಕ್ಕ ಗೇರ್) ಹಲ್ಲಿನ ಲೆಕ್ಕದಲ್ಲಿ 43/8, ಅಂದರೆ ರೇಷಿಯೊ 5.38, ಗಾಡಿಯ ಹಿಂದಿನದು 41/9, ಅಂದರೆ 4.56. ಹೀಗೇ ಓಡಿಸಿದರೆ ಎರಡು ಆಕ್ಸಲ್ ಒಂದನ್ನೊಂದು ಜಗ್ಗಿ ಟ್ರಾನ್ಸ್‌ಫರ್ ಕೇಸ್ (ಎರಡೂ ಆಕ್ಸಲ್‌ಗೆ ಬಲ ಹಂಚುವ ಗೇರ್ ಪೆಟ್ಟಿಗೆ) ಹಾಳು. ಹಿಂದಕ್ಕೂ 43/8 ಹಾಕಿಸಿದ್ದಾಯಿತು. ಅದೇ ಸ್ಪೀಡಿಗೆ ಎಂಜಿನ್ ಶೇ. 18 ಹೆಚ್ಚು ತಿರುಗುತ್ತದೆ. ಘಾಟಿ ಹತ್ತುವವರಿಗೆ ಲಾಭವೇ.

ಆಕ್ಸಲ್ ಕೊಳ್ಳುವ ಮುಂಚೆ ಒಂದು ಚಕ್ರ ಅಲ್ಲಾಡದಂತೆ ಹಿಡಿದು ಇನ್ನೊಂದನ್ನು ಎರಡು ಸುತ್ತು ತಿರುಗಿಸಿ. ಪಿನಿಯನ್ ಎಷ್ಟು ಸುತ್ತಿತೋ ಅದೇ ರೇಷಿಯೊ. ಪ್ರೊಪೆಲರ್ ಶಾಫ್ಟ್ (ಆಕ್ಸಲ್‌ಗೆ ಬಲ ಒಯ್ಯುವ ಉದ್ದ ದಂಡ) ಅಳತೆಗೆ ಕತ್ತರಿಸಿದ ಮೇಲೆ ಬ್ಯಾಲೆನ್ಸ್ ಮಾಡಿಸಲೇಬೇಕು, ಎರಡೂ ತುದಿಯ ಯೋಕ್ (ಜಾಯಿಂಟ್ ಹಿಡಿಯುವ ಕವಲು) ಒಂದೇ ನೇರಕ್ಕಿರಬೇಕು. ಇಲ್ಲವಾದರೆ ನಡುಕ ಹೋಗುವುದಿಲ್ಲ. ಒಣ ಡಾಂಬರಿನ ಮೇಲೆ ಫೋರ್ ವೀಲ್ ಬೇಡ. ಮತ್ತೆ, ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಡಿ ಆರ್‌ಟಿಒ ಒಪ್ಪಿಗೆ ಕೆಲಸಕ್ಕೆ ಕೈಹಾಕುವ ಮೊದಲೇ ಬೇಕು.